ಸ್ವಾತಿ: ಜೊತೆಯಿಲ್ಲದ ಕೆಂಪು ದೈತ್ಯ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ನಕ್ಷತ್ರ ಇದೆಯಾ?

ಸಾಗರದ ಟೀಚರ್:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಹೈಸ್ಕೂಲ್ ಮಕ್ಕಳ ಬೇಸಿಗೆ ಶಿಬಿರ ಇದೆ. ಅದರಲ್ಲಿ ಒಂದು ಸಂಜೆ ಪೂರ್ತಿ ಕೆಂಪು ದೈತ್ಯಗಳಿಗೆ, ಅಂದರೆ ಮುಪ್ಪಿನಲ್ಲಿ ಉಬ್ಬಿ ಕೆಂಪಾದ ನಕ್ಷತ್ರಗಳಿಗೆ ಅಂತ ಇಟ್ಟುಕೊಂಡಿದ್ದೇನೆ. ಸಾಮಾನ್ಯವಾಗಿ ಎಲ್ಲರೂ ಇದಕ್ಕೆ ಆರ್ದ್ರಾ ಇಲ್ಲವೇ ಜ್ಯೇಷ್ಠಾ ತೋರಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಅವೆರಡೂ ಮಹಾದೈತ್ಯಗಳು. ಸೂರ್ಯನ ಹತ್ತು ಪಟ್ಟಿಗೂ ಜಾಸ್ತಿ ದ್ರವ್ಯರಾಶಿ ಹೊತ್ತು ಹುಟ್ಟಿದವು, ಕೊನೆಗೆ ಸೂಪರ್‌ನೋವಾ ಆಗಿ ಸಿಡಿಯುವಂಥವು. ನಮ್ಮ ಸೂರ್ಯನ ದಾರಿಯೇ ಬೇರೆ. ಅದಕ್ಕೇ ಈ ಸಲ ಸ್ವಾತಿ ತೋರಿಸಬೇಕು ಅಂತ ಇದ್ದೇನೆ.

ಸ್ವಾತಿಯ ದ್ರವ್ಯರಾಶಿ ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ, ಸುಮಾರು 1.1 ಪಟ್ಟು. ವಯಸ್ಸು ಹತ್ತಿರ ಹತ್ತಿರ 700 ಕೋಟಿ ವರ್ಷ. ಸೂರ್ಯನಿಗೆ 460 ಕೋಟಿ. ಅಂದರೆ ಸೂರ್ಯನಂಥದ್ದೇ ಒಂದು ನಕ್ಷತ್ರ ಮುಪ್ಪಿನಲ್ಲಿ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬಹುದು. ಅಗಲ ಸೂರ್ಯನ 25 ಪಟ್ಟು. ದೂರ 36.7 ಜ್ಯೋತಿರ್ವರ್ಷ. ರಾತ್ರಿ ಆಕಾಶದಲ್ಲಿ ಹೊಳಪಿನ ಲೆಕ್ಕದಲ್ಲಿ ನಾಲ್ಕನೆಯ ನಕ್ಷತ್ರ. ದುರ್ಬೀನು ಬೇಡ, ಬೀದಿ ದೀಪಗಳ ನಡುವೆಯೂ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸ್ವಾತಿಗೆ ಜೊತೆ ನಕ್ಷತ್ರ ಇಲ್ಲ, ಒಂಟಿ. ಸೂರ್ಯನೂ ಒಂಟಿ. ಈ ಹೋಲಿಕೆಯನ್ನು ಯಾರೂ ಮಕ್ಕಳಿಗೆ ಒತ್ತಿ ಹೇಳುವುದಿಲ್ಲ ಅಂತ ನನಗೆ ಬೇಸರ.

ನಿಮ್ಮಿಂದ ಎರಡು ಸಹಾಯ ಬೇಕು. ನಕ್ಷತ್ರದ ನಡು ಕುಗ್ಗಿದರೆ ಮೈ ಯಾಕೆ ಉಬ್ಬಬೇಕು, ಇದನ್ನು ಒಂಬತ್ತನೇ ಕ್ಲಾಸಿನವರಿಗೆ ಹೇಗೆ ಹೇಳುವುದು? ಮತ್ತೆ, ಒಂಟಿ ಆಗಿರುವುದರಿಂದ ಏನು ಲಾಭ ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಬಿಡಿಸಿ ಬರೆಯಿರಿ.

ರಾತ್ರಿಪಾಳಿ:
ಟೀಚರ್, ಒಂಟಿ ಆದರೇನು, ಜೋಡಿ ಆದರೇನು? ಕೆಂಪು ದೈತ್ಯ ಕೆಂಪು ದೈತ್ಯವೇ ಅಲ್ವಾ? ಅದೂ ಅಲ್ಲದೆ ನನ್ನ ಕಣ್ಣಿಗೆ ಸ್ವಾತಿ ಯಾವತ್ತೂ ಕೆಂಪಗೆ ಕಂಡಿಲ್ಲ. ಕಿತ್ತಳೆ ಬಣ್ಣ.

ಸಾಗರದ ಟೀಚರ್:
ಸರಿಯಾಗಿ ನೋಡಿದ್ದೀರಿ, ಕಿತ್ತಳೆಯೇ. ಅದರ ಮೇಲ್ಮೈ ಉಷ್ಣತೆ ಸುಮಾರು 4,290 ಕೆಲ್ವಿನ್. ಸೂರ್ಯನದು 5,770. ವರ್ಣಪಟಲದ ಲೆಕ್ಕದಲ್ಲಿ ಕೆ ವರ್ಗದ ದೈತ್ಯ. ಇನ್ನೂ ಕೆಂಪಾದ ಎಂ ವರ್ಗದವು ಬೇರೆ ಇವೆ. ಮಕ್ಕಳಿಗೆ ಬಣ್ಣ ಗೊತ್ತಾಗಬೇಕಾದರೆ ಮೊದಲು ಸ್ವಾತಿ ನೋಡಿಸಿ, ತಕ್ಷಣ ಚಿತ್ತಾ ನಕ್ಷತ್ರ ನೋಡಿಸಬೇಕು. ಚಿತ್ತಾ ನೀಲಿ ಬಿಳುಪು. ಎರಡನ್ನೂ ಒಂದಾದ ಮೇಲೊಂದು ನೋಡಿದಾಗ ಸ್ವಾತಿಯ ಬಣ್ಣ ಎದ್ದು ಕಾಣುತ್ತದೆ.

ನಿವೃತ್ತ ಮೇಷ್ಟ್ರು:
ಟೀಚರಮ್ಮ, ಒಳ್ಳೆಯ ಆಯ್ಕೆ. ಮೊದಲು ಒಂದು ಲೆಕ್ಕ ಕೊಡುತ್ತೇನೆ, ಬೋರ್ಡಿನ ಮೇಲೆ ಮಾಡಿಸಿ. ನಕ್ಷತ್ರ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವುದು ಎರಡೇ ಸಂಗತಿಯ ಮೇಲೆ ನಿಂತಿದೆ, ಎಷ್ಟು ದೊಡ್ಡದು ಮತ್ತು ಎಷ್ಟು ಬಿಸಿ. ತ್ರಿಜ್ಯದ ವರ್ಗ, ಉಷ್ಣತೆಯ ನಾಲ್ಕನೇ ಘಾತ. ತ್ರಿಜ್ಯ 25 ಪಟ್ಟು ಅಂದರೆ 25 ಗುಣಿಸು 25, 625. ಉಷ್ಣತೆ ಸೂರ್ಯನ ಮುಕ್ಕಾಲು ಭಾಗ. ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದರೆ 0.32 ಬರುತ್ತದೆ. ಎರಡನ್ನೂ ಗುಣಿಸಿ, 200. ಅಂದರೆ ಸ್ವಾತಿ ಸೂರ್ಯನಿಗಿಂತ ತಂಪಾಗಿದ್ದೂ ಸುಮಾರು 200 ಪಟ್ಟು ಬೆಳಕು ಕೊಡುತ್ತಿದೆ. ತಂಪಾಗಿದ್ದರೂ ಹೆಚ್ಚು ಬೆಳಕು ಹೇಗೆ ಅನ್ನುವ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ಆ ಖುಷಿ ದೊಡ್ಡದು.

ಈಗ ನಿಮ್ಮ ಮೊದಲನೇ ಪ್ರಶ್ನೆ. ನಕ್ಷತ್ರದ ನಡುವಿನಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ, ಇದನ್ನೇ ಉರಿಯುವುದು ಅನ್ನುತ್ತೇವೆ. ಕೊನೆಗೆ ಅಲ್ಲಿ ಹೈಡ್ರೋಜನ್ ಮುಗಿದು ಹೀಲಿಯಂ ಉಳಿಯುತ್ತದೆ. ಆ ಹೀಲಿಯಂ ಇನ್ನೂ ಉರಿಯುವಷ್ಟು ಬಿಸಿ ಆಗಿರುವುದಿಲ್ಲ. ಒಳಗಿನಿಂದ ಒತ್ತಿ ಹಿಡಿಯುವ ಶಾಖ ಇಲ್ಲದೆ ಅದು ತನ್ನ ಭಾರಕ್ಕೇ ಕುಗ್ಗುತ್ತದೆ, ಕುಗ್ಗಿದಷ್ಟೂ ಬಿಸಿಯಾಗುತ್ತದೆ. ಅದರ ಸುತ್ತ ತೆಳುವಾದ ಒಂದು ಪದರದಲ್ಲಿ ಮಾತ್ರ ಹೈಡ್ರೋಜನ್ ಉರಿಯುತ್ತಿರುತ್ತದೆ. ನಡು ಕುಗ್ಗಿ ಅಲ್ಲಿನ ಗುರುತ್ವ ಜೋರಾದಷ್ಟೂ ಈ ಪದರ ಇನ್ನೂ ಬಿಸಿಯಾಗಿ, ಇನ್ನೂ ಬಿರುಸಾಗಿ ಉರಿಯುತ್ತದೆ. ಅಷ್ಟು ಶಕ್ತಿ ಹೊರಗೆ ಬರುವಾಗ ಮೇಲಿನ ಪದರಗಳು ಹಿಗ್ಗುತ್ತವೆ. ಹಿಗ್ಗಿದ ಮೇಲ್ಮೈ ತಣ್ಣಗಾಗುತ್ತದೆ, ಬಣ್ಣ ಕೆಂಪಿಗೆ ತಿರುಗುತ್ತದೆ. ಇಷ್ಟು ಹೇಳಿದರೆ ಸಾಕು. ಉರಿಯುವ ಪದರದ ಒಳಗಿನದು ಕುಗ್ಗಿದರೆ ಹೊರಗಿನದು ಹಿಗ್ಗುತ್ತದೆ ಅನ್ನುವುದು ಮಾದರಿ ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಈ ನಡು ಎಷ್ಟರವರೆಗೆ ಮೇಲಿನ ಭಾರ ತಡೆದುಕೊಳ್ಳಬಲ್ಲದು ಅಂತ 1942ರಲ್ಲಿ ಲೆಕ್ಕ ಹಾಕಿದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಬ್ರೆಜಿಲ್‌ನ ಮಾರಿಯೊ ಶೋನ್‌ಬರ್ಗ್. ನಕ್ಷತ್ರದ ಒಟ್ಟು ದ್ರವ್ಯರಾಶಿಯ ಹತ್ತನೇ ಒಂದು ಭಾಗದ ಆಸುಪಾಸು. ಅದು ದಾಟಿದರೆ ಕುಸಿತ ಶುರು. ಸೂರ್ಯ, ಸ್ವಾತಿಯಂಥ ಸಣ್ಣ ನಕ್ಷತ್ರಗಳಲ್ಲಿ ಮಾತ್ರ ನಡು ಎಷ್ಟು ದಟ್ಟವಾಗುತ್ತದೆ ಅಂದರೆ ಎಲೆಕ್ಟ್ರಾನ್‌ಗಳ ಒತ್ತಡವೇ ಅದನ್ನು ತಡೆದು ನಿಲ್ಲಿಸುತ್ತದೆ. ಹಾಗಾಗಿ ಕುಸಿತ ನಿಧಾನ.

ಬೀದರ್ ಬಾನು:
ಮೇಷ್ಟ್ರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ಟೀಚರ್, ನನ್ನ ಮತ ರೋಹಿಣಿಗೆ. ಅದು ಸೂರ್ಯನ 44-45 ಪಟ್ಟು ಅಗಲ, 65 ಜ್ಯೋತಿರ್ವರ್ಷ ದೂರ, ಬಣ್ಣವೂ ಸ್ವಾತಿಗಿಂತ ಕೆಂಪು. ಮಕ್ಕಳು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಸಾಗರದ ಟೀಚರ್:
ರೋಹಿಣಿ ಒಳ್ಳೆಯದೇ, ಡಿಸೆಂಬರ್ ಶಿಬಿರ ಆಗಿದ್ದರೆ. ಮೇ ಕೊನೆಗೆ ಸೂರ್ಯ ಹೋಗಿ ರೋಹಿಣಿ ಪಕ್ಕ ಕೂತಿರುತ್ತಾನೆ, ನೋಡೋಕೆ ಸಿಗುವುದೇ ಇಲ್ಲ. ಸ್ವಾತಿ ಮೇ ಮಧ್ಯದಲ್ಲಿ ರಾತ್ರಿ 9ಕ್ಕೆ ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ. ನಿಮ್ಮ ಬೀದರ್‌ನಲ್ಲಿ ಅದು ಹೆಚ್ಚು ಕಡಿಮೆ ನೆತ್ತಿಯ ಮೇಲೇ ದಾಟುತ್ತದೆ. ನಮ್ಮ ಕಡೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ.

ಕೊಪ್ಪದ ಅಡಿಕೆ:
ನನಗೆ ನಕ್ಷತ್ರ ಅಂದರೆ ಮಳೆ ಲೆಕ್ಕ. ಚಿತ್ತಾ ಆದ ಮೇಲೆ ಸ್ವಾತಿ, ಅದಾದ ಮೇಲೆ ವಿಶಾಖಾ. ಸ್ವಾತಿ ಮಳೆ ಅಕ್ಟೋಬರ್ ಕೊನೆಗೆ ಶುರು. ನಮ್ಮ ಅಜ್ಜಿ ಸ್ವಾತಿ ಮಳೆ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ಹೇಳುತ್ತಿದ್ದರು. ಆದರೆ ಸ್ವಾತಿ ಮಳೆ ಹೊತ್ತಿನಲ್ಲಿ ಮೋಡ ಸರಿದು ಆಕಾಶ ತಿಳಿಯಾದಾಗಲೂ ಸ್ವಾತಿ ಅಂತ ಯಾರೂ ತೋರಿಸಿದ್ದು ನೆನಪಿಲ್ಲ. ಆಗ ಎಲ್ಲಿರುತ್ತದೆ ಅದು?

ಸಾಗರದ ಟೀಚರ್:
ಅಡಿಕೆಯವರೇ, ಇದು ಮಕ್ಕಳಿಗೆ ಹೇಳಲೇಬೇಕಾದ ವಿಷಯ. ಮಳೆ ನಕ್ಷತ್ರ ಅಂದರೆ ಆ ದಿನಗಳಲ್ಲಿ ಸೂರ್ಯ ಇರುವ ಜಾಗ, ರಾತ್ರಿ ಕಾಣುವ ನಕ್ಷತ್ರ ಅಲ್ಲ. ಅಕ್ಟೋಬರ್ ಕೊನೆಗೆ ಸ್ವಾತಿ ಸೂರ್ಯನ ಜೊತೆ ಜೊತೆಗೇ ಓಡಾಡುತ್ತದೆ. ಸೂರ್ಯನಿಂದ ಸುಮಾರು 30 ಡಿಗ್ರಿ ಉತ್ತರಕ್ಕಿದೆ, ಹಾಗಾಗಿ ಅರ್ಧ ಗಂಟೆ ಮುಂಚೆ ಹುಟ್ಟಿ ಅರ್ಧ ಗಂಟೆ ತಡವಾಗಿ ಮುಳುಗುತ್ತದೆ. ಅಷ್ಟು ಹೊತ್ತಿನಲ್ಲಿ ಆಕಾಶ ಇನ್ನೂ ಬೆಳ್ಳಗೇ ಇರುತ್ತದೆ. ಸ್ವಾತಿ ಮಳೆಯಲ್ಲಿ ಸ್ವಾತಿ ಕಾಣುವುದಿಲ್ಲ. ಸ್ವಾತಿ ಚೆನ್ನಾಗಿ ಕಾಣುವುದು ಬೇಸಿಗೆ ಸಂಜೆಗಳಲ್ಲಿ.

ಕೊಪ್ಪದ ಅಡಿಕೆ:
ಇಷ್ಟು ವರ್ಷ ಮಳೆ ಲೆಕ್ಕ ಹಾಕಿದ್ದೇವೆ, ಇದು ಹೊಳೆದಿರಲಿಲ್ಲ. ಈ ಮೇ ತಿಂಗಳಲ್ಲಿ ಹುಡುಗರಿಗೆ ತೋರಿಸುತ್ತೇನೆ.

ಬಣ್ಣದ ಗೆರೆ:
ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ. ಎಂಎಸ್ಸಿಯಲ್ಲಿ ನಕ್ಷತ್ರಗಳ ವರ್ಣಪಟಲದ ಮೇಲೇ ಪ್ರಾಜೆಕ್ಟ್ ಮಾಡಿದ್ದರಿಂದ ಈ ಒಂಟಿ ವಿಷಯ ನನಗೂ ಹತ್ತಿರದ್ದು.

ರಾತ್ರಿಪಾಳಿ ಕೇಳಿದ ಪ್ರಶ್ನೆ ಇದೆಯಲ್ಲ, ಒಂಟಿ ಆದರೇನು ಅಂತ. ಸೂರ್ಯನಂಥ ನಕ್ಷತ್ರಗಳಲ್ಲಿ ಅರ್ಧದ ಹತ್ತಿರ ಒಂಟಿ ಅಲ್ಲ, ಅವಕ್ಕೆ ಜೊತೆ ಇರುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದು ಒಂದು ಉಬ್ಬಿದರೆ ಅದರ ಹೊರಮೈ ಇನ್ನೊಂದರ ಗುರುತ್ವದ ಕೈಗೆ ಸಿಗುತ್ತದೆ. ಅನಿಲ ಆ ಕಡೆ ಹರಿಯುತ್ತದೆ. ಉಬ್ಬಬೇಕಾದದ್ದು ಪೂರ್ತಿ ಉಬ್ಬುವುದಿಲ್ಲ, ತಿರುಗುವ ವೇಗ ಬದಲಾಗುತ್ತದೆ, ಮೇಲ್ಮೈಯ ರಾಸಾಯನಿಕ ಗುರುತುಗಳೂ ಕಲಬೆರಕೆ ಆಗುತ್ತವೆ. ಆಮೇಲೆ ಆ ನಕ್ಷತ್ರದಲ್ಲಿ ಏನೇ ವಿಚಿತ್ರ ಕಂಡರೂ ಜೊತೆಗಾರನ ಮೇಲೆ ಹಾಕಿ ಸುಮ್ನೆ ಇರಬಹುದು. ಒಂಟಿ ನಕ್ಷತ್ರದಲ್ಲಿ ಆ ನೆಪ ಇಲ್ಲ. ಕಂಡದ್ದೆಲ್ಲ ಅದರದ್ದೇ.

ಸ್ವಾತಿಯಲ್ಲಿ ಅಂಥದ್ದೊಂದು ಕಾಣುತ್ತದೆ. ಇಂಗಾಲದಲ್ಲಿ ಎರಡು ಬಗೆ, 12 ಮತ್ತು 13. ಸೂರ್ಯನಲ್ಲಿ ಒಂದು ಇಂಗಾಲ-13ಕ್ಕೆ ಸುಮಾರು 89 ಇಂಗಾಲ-12 ಇವೆ. ನಕ್ಷತ್ರ ಉಬ್ಬಿದಾಗ ಹೊರಪದರದ ಅನಿಲ, ಒಲೆಯ ಮೇಲೆ ಕುದಿಯುವ ಸಾರಿನ ಹಾಗೆ, ತಳದಿಂದ ಮೇಲಕ್ಕೆ ಮೇಲಿನಿಂದ ತಳಕ್ಕೆ ಹೊರಳುತ್ತಿರುತ್ತದೆ. ಈ ಹೊರಳಾಟ ಒಳಗೊಳಗೆ ಇಳಿದು, ಹಿಂದೆ ಅಣುಕ್ರಿಯೆ ನಡೆದಿದ್ದ ಜಾಗದ ಸರಕನ್ನು ಮೇಲಕ್ಕೆ ತರುತ್ತದೆ. ಆ ಸರಕಿನಲ್ಲಿ ಇಂಗಾಲ-13 ಜಾಸ್ತಿ. ಸರಳ ಲೆಕ್ಕದ ಪ್ರಕಾರ ಪ್ರಮಾಣ 89ರಿಂದ 25-30ಕ್ಕೆ ಇಳಿಯಬೇಕು. ಸ್ವಾತಿಯಲ್ಲಿ ಅಳೆದರೆ 7ರ ಆಸುಪಾಸು!

ಈ 7ನ್ನು ನೋಡಿ. ಜೋಡಿ ನಕ್ಷತ್ರ ಆಗಿದ್ದರೆ ಪಕ್ಕದವನಿಂದ ಬಂದಿರಬೇಕು ಅನ್ನಬಹುದಿತ್ತು. ಇಲ್ಲಿ ಪಕ್ಕದವನೇ ಇಲ್ಲ. ಅಂದರೆ ನಮ್ಮ ಸರಳ ಲೆಕ್ಕಕ್ಕೆ ಬಾರದ ಇನ್ನೊಂದು ಬೆರಕೆ ಒಳಗೆ ನಡೆಯುತ್ತಿದೆ ಅಂತಾಯಿತು. 2007ರಲ್ಲಿ ಕೊರಿನ್ ಶಾರ್ಬೊನೆಲ್ ಮತ್ತು ಜ್ಯಾಂ-ಪಾಲ್ ಜಾನ್ ಇದಕ್ಕೊಂದು ವಿವರಣೆ ಕೊಟ್ಟರು. ಉರಿಯುವ ಪದರದ ಹೊರಗೆ ಹೀಲಿಯಂ-3 ಉರಿದಾಗ ಆ ಜಾಗದ ಅನಿಲ ಸ್ವಲ್ಪ ಹಗುರ ಆಗಿಬಿಡುತ್ತದೆ. ಹಗುರವಾದದ್ದರ ಮೇಲೆ ಭಾರದ್ದು ಕೂತರೆ ನಿಲ್ಲುವುದಿಲ್ಲ, ನಿಧಾನವಾಗಿ ಎಳೆ ಎಳೆಯಾಗಿ ಕೆಳಗಿಳಿದು ಬೆರೆಯುತ್ತದೆ. ಇದೊಂದರಿಂದಲೇ ಎಲ್ಲ ಸರಿಹೋಗುತ್ತದಾ ಅನ್ನುವ ವಾದ ಇನ್ನೂ ನಿಂತಿಲ್ಲ. ಆದರೆ ಆ ವಾದಕ್ಕೆ ಗಟ್ಟಿ ನೆಲ ಕೊಟ್ಟಿರುವುದು ಸ್ವಾತಿಯಂಥ ಒಂಟಿ ನಕ್ಷತ್ರಗಳು.

ರಾತ್ರಿಪಾಳಿ:
ಈಗ ಗೊತ್ತಾಯಿತು. ಥ್ಯಾಂಕ್ಸ್. ಆದರೆ ಸ್ವಾತಿ ಒಂಟಿ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಆರ್ದ್ರಾ ಒಂಟಿ ಅಂತ ಇಷ್ಟು ದಿನ ಹೇಳಿ 2025ರಲ್ಲಿ ಜೊತೆಗಾರ ಇದ್ದಾನೆ ಅಂದರಲ್ಲ.

ಬಣ್ಣದ ಗೆರೆ:
ಒಳ್ಳೆಯ ಪ್ರಶ್ನೆ. ಆರ್ದ್ರಾದ ಹೊಳಪಿನಲ್ಲಿ ಸುಮಾರು ಆರು ವರ್ಷಕ್ಕೊಮ್ಮೆ ಬರುವ ಒಂದು ಏರಿಳಿತ ಇತ್ತು. ಅದಕ್ಕೆ ಜೊತೆಗಾರ ಕಾರಣ ಇರಬೇಕು ಅನ್ನುವ ಅನುಮಾನ ಇತ್ತು. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಅದು ಸಿಕ್ಕಿತು ಅಂತ ಪ್ರಕಟಿಸಿದರು.

ಸ್ವಾತಿಯದ್ದು ಉಲ್ಟಾ ಕಥೆ. 1997ರಲ್ಲಿ ಬಂದ ಹಿಪಾರ್ಕಸ್ ಉಪಗ್ರಹದ ಪಟ್ಟಿಯಲ್ಲಿ ಅದನ್ನು ಜೋಡಿ ಅಂತಲೇ ನಮೂದಿಸಿದ್ದರು. ಹತ್ತಿರದಲ್ಲೇ ಮಸುಕಾದ ಇನ್ನೊಂದು ಇದೆ ಅಂತ. ಆಮೇಲೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ 100 ಇಂಚಿನ ದೂರದರ್ಶಕಕ್ಕೆ ಗಾಳಿಯ ಅಲುಗಾಟ ಸರಿಪಡಿಸುವ ಸಾಧನ ಹಾಕಿ ಹುಡುಕಿದರು. ಸಿಗಲಿಲ್ಲ, 1999ರಲ್ಲಿ ಆ ಫಲಿತಾಂಶ ಬಂತು. ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ, 1920ರ ದಶಕದ ಆರಂಭದಲ್ಲಿ ಮೈಕೆಲ್ಸನ್ ಮತ್ತು ಪೀಸ್ ಮೊದಲು ಆರ್ದ್ರಾದ, ಆಮೇಲೆ ಸ್ವಾತಿಯ ಅಗಲ ಅಳೆದದ್ದೂ ಇದೇ ದೂರದರ್ಶಕದ ಮೇಲೆ. ಒಂದು ಡಿಗ್ರಿಯ 3,600ನೇ ಒಂದು ಭಾಗಕ್ಕೆ ಆರ್ಕ್‌ಸೆಕೆಂಡ್ ಅನ್ನುತ್ತಾರೆ. ಸ್ವಾತಿಯ ಕೋನ ಅಗಲ ಒಂದು ಆರ್ಕ್‌ಸೆಕೆಂಡಿನ ಐವತ್ತನೇ ಒಂದು ಭಾಗ. ಅಷ್ಟನ್ನು ಆ ಕಾಲದಲ್ಲಿ ಅಳೆದಿದ್ದರು.

ಗ್ರಹದ ವಿಷಯವೂ ಇದೆ. 1993ರಲ್ಲಿ ಸ್ವಾತಿಯ ವೇಗದಲ್ಲಿ 233 ದಿನದ ಏರಿಳಿತ ಕಂಡು, ಗ್ರಹವೊಂದು ಸುತ್ತುತ್ತಾ ಅದನ್ನು ಎಳೆದಾಡುತ್ತಿರಬಹುದೇ ಅಂತ ಯೋಚಿಸಿದರು. ನಕ್ಷತ್ರವೇ ತಿರುಗುವಾಗ ಕಲೆಗಳಿಂದ ಹಾಗೆ ಕಂಡಿರಲೂಬಹುದು. ಗ್ರಹ ಅಂತ ಖಚಿತ ಆಗಲಿಲ್ಲ.

ನಿವೃತ್ತ ಮೇಷ್ಟ್ರು:
ಕೆಂಪು ದೈತ್ಯದ ಸಡಿಲತನ ಮಕ್ಕಳಿಗೆ ಹೇಳಿ ಟೀಚರಮ್ಮ. ಸೂರ್ಯನಷ್ಟೇ ಸರಕು 25 ಪಟ್ಟು ಅಗಲದ ಗೋಳದಲ್ಲಿ ಹರಡಿದೆ. ಗಾತ್ರ 16 ಸಾವಿರ ಪಟ್ಟು. ಸರಾಸರಿ ಸಾಂದ್ರತೆ ಘನ ಮೀಟರಿಗೆ 0.1 ಕೆಜಿಗಿಂತಲೂ ಕಡಿಮೆ. ನಾವು ಉಸಿರಾಡುವ ಗಾಳಿಯದ್ದು 1.2 ಕೆಜಿ! ಮೇಲ್ಮೈ ಗುರುತ್ವ ಭೂಮಿಯ ಇಪ್ಪತ್ತನೇ ಒಂದು ಭಾಗ, ಚಂದ್ರನಿಗಿಂತಲೂ ಕಡಿಮೆ. ಇಷ್ಟು ಸಡಿಲ ಹಿಡಿತ ಇರುವುದರಿಂದಲೇ ಇಂಥ ನಕ್ಷತ್ರಗಳಿಂದ ಅನಿಲ ನಿಧಾನವಾಗಿ ಹೊರಗೆ ಹರಿದುಹೋಗುತ್ತಿರುತ್ತದೆ. ಅದೇ ಹೊತ್ತಿಗೆ ಒಳಗಿನ ಹೀಲಿಯಂ ನಡು ಭೂಮಿಯ ಕೆಲವು ಪಟ್ಟು ಅಗಲ ಅಷ್ಟೇ, ಆದರೆ ನಕ್ಷತ್ರದ ದ್ರವ್ಯರಾಶಿಯ ಒಳ್ಳೆಯ ಪಾಲು ಅಲ್ಲೇ ಇದೆ. ಹೊರಗೆ ಗಾಳಿಗಿಂತ ತೆಳು, ಒಳಗೆ ಊಹೆಗೂ ಸಿಗದ ದಟ್ಟ.

ಸೂರ್ಯನ ಜಾಗದಲ್ಲಿ ಸ್ವಾತಿ ಇಟ್ಟರೆ ಅಂತ ಒಬ್ಬರಾದರೂ ಕೇಳುತ್ತಾರೆ. ಬುಧ ಗ್ರಹದವರೆಗೂ ಬರುವುದಿಲ್ಲ. ತ್ರಿಜ್ಯ 1 ಕೋಟಿ 77 ಲಕ್ಷ ಕಿ.ಮೀ., ಬುಧ ಅತಿ ಹತ್ತಿರ ಬಂದಾಗಲೂ 4 ಕೋಟಿ 60 ಲಕ್ಷ ದೂರದಲ್ಲಿರುತ್ತಾನೆ. ಆದರೆ ನಮ್ಮ ಆಕಾಶದಲ್ಲಿ ಅದು 13 ಡಿಗ್ರಿಗೂ ಜಾಸ್ತಿ ಅಗಲ ಕಾಣುತ್ತದೆ. ಸೂರ್ಯ ಕಾಣುವುದು ಅರ್ಧ ಡಿಗ್ರಿ. ಚಾಚಿದ ಕೈಯ ಮುಷ್ಟಿ 10 ಡಿಗ್ರಿ ಅಂತ ಹೇಳಿಕೊಡಿ, ಮುಷ್ಟಿ ಹಿಡಿದು ನೋಡಲಿ.

ಇಲಿನಾಯ್ ಕನ್ನಡತಿ:
ನಾನಿರುವ ಕಡೆಯ ಒಂದು ಕಥೆ ಸೇರಿಸುತ್ತೇನೆ. 1933ರಲ್ಲಿ ಶಿಕಾಗೋದ ವಿಶ್ವ ಪ್ರದರ್ಶನದ ದೀಪಗಳನ್ನು ಹೊತ್ತಿಸಿದ್ದು ಸ್ವಾತಿಯ ಬೆಳಕಿನಿಂದ. ದೂರದರ್ಶಕದಲ್ಲಿ ಹಿಡಿದ ಬೆಳಕನ್ನು ಫೋಟೋಸೆಲ್ ಮೇಲೆ ಬೀಳಿಸಿ, ಬಂದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಸ್ವಿಚ್ ಒತ್ತಿಸಿದರು. ಸ್ವಾತಿಯೇ ಯಾಕೆ ಅಂದರೆ ಆಗ ಅದರ ದೂರ 40 ಜ್ಯೋತಿರ್ವರ್ಷ ಅಂತ ನಂಬಿದ್ದರು. 40 ವರ್ಷ ಹಿಂದೆ 1893ರಲ್ಲಿ ಇದೇ ಊರಿನಲ್ಲಿ ಹಿಂದಿನ ವಿಶ್ವ ಪ್ರದರ್ಶನ ನಡೆದಿತ್ತು. ಆಗ ಹೊರಟ ಬೆಳಕು ಈಗ ಬಂದು ದೀಪ ಹಚ್ಚಿತು ಅನ್ನುವ ಭಾವ.

ಇನ್ನೊಂದು, ಅದರ ಓಟ. 1718ರಲ್ಲಿ ಎಡ್ಮಂಡ್ ಹ್ಯಾಲಿ ಹಳೆಯ ಗ್ರೀಕ್ ದಾಖಲೆಗಳ ಜೊತೆ ತಮ್ಮ ಕಾಲದ ಅಳತೆ ಹೋಲಿಸಿ ನೋಡಿದಾಗ ಸ್ವಾತಿ, ಲುಬ್ಧಕ, ರೋಹಿಣಿ ಜಾಗ ಬದಲಿಸಿದ್ದು ಕಂಡಿತು. ನಕ್ಷತ್ರಗಳು ಅಲ್ಲಲ್ಲೇ ನೆಟ್ಟಿವೆ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು. ಸ್ವಾತಿ ವರ್ಷಕ್ಕೆ 2.28 ಆರ್ಕ್‌ಸೆಕೆಂಡ್ ಸರಿಯುತ್ತದೆ. 800 ವರ್ಷದಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು. ಸೂರ್ಯನಿಗೆ ಹೋಲಿಸಿದರೆ ಅದರ ವೇಗ ಸೆಕೆಂಡಿಗೆ 120 ಕಿ.ಮೀ. ಮೀರಿದೆ. ಅದು ನಮ್ಮ ಕೇರಿಯದ್ದಲ್ಲ, ದಾರಿಹೋಕ ನಕ್ಷತ್ರ. ಸುಮಾರು 4,000 ವರ್ಷದಲ್ಲಿ ಅತಿ ಹತ್ತಿರ ಬಂದು ಆಮೇಲೆ ದೂರ ಹೋಗುತ್ತದೆ. ಇದೇ ರೀತಿ ಓಡುವ ಹಳೆಯ ನಕ್ಷತ್ರಗಳ ಗುಂಪೊಂದಿದೆ. ಅವು ಆಕಾಶಗಂಗೆ ಎಂದೋ ನುಂಗಿದ ಸಣ್ಣ ಗ್ಯಾಲಕ್ಸಿಯವು ಅಂತ ಕೆಲವರು, ನಮ್ಮ ಗ್ಯಾಲಕ್ಸಿಯ ಎಳೆತದಿಂದಲೇ ಹಾಗೆ ಸೇರಿದವು ಅಂತ ಕೆಲವರು.

ಬೀದರ್ ಬಾನು:
ಹಾಗಾದರೆ ಸೂರ್ಯನ ಹಾಗೇ ಅನ್ನುವುದು ಪೂರ್ತಿ ಸರಿ ಆಗುವುದಿಲ್ಲ ಅಲ್ವಾ? ಹುಟ್ಟಿದ ಸರಕೇ ಬೇರೆ.

ಬಣ್ಣದ ಗೆರೆ:
ಹೌದು, ಇದನ್ನು ಮಕ್ಕಳಿಗೂ ಹೇಳಬೇಕು. ಸ್ವಾತಿಯಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಳೆಯ ಕಾಲದಲ್ಲಿ ಹುಟ್ಟಿದ್ದು, ಆಗ ಭಾರದ ಧಾತುಗಳು ಅಷ್ಟು ತಯಾರಾಗಿರಲಿಲ್ಲ. ಇದರಿಂದ ಅದು ಎಷ್ಟು ಬೇಗ ಮುಪ್ಪಾಯಿತು ಅನ್ನುವುದರಲ್ಲಿ ವ್ಯತ್ಯಾಸ ಬರುತ್ತದೆ. ಆದರೆ ನಡೆಯುವ ಹಂತಗಳು ಅವೇ.

ಇಲ್ಲಿ ಬೆಂಗಳೂರಿನ ನಂಟು ಒಂದು ಹೇಳಲೇಬೇಕು. ಸ್ವಾತಿಯಂಥ ತಂಪು ನಕ್ಷತ್ರದ ವರ್ಣಪಟಲದಲ್ಲಿ ಕ್ಯಾಲ್ಸಿಯಂನ ಅಗಲವಾದ ಕಪ್ಪು ಗೆರೆ ಇರುತ್ತದೆ. ಚೆನ್ನಾಗಿ ಬಿಡಿಸಿ ನೋಡಿದರೆ ಆ ಕಪ್ಪಿನ ನಡುವೆ ಸಣ್ಣ ಬೆಳಕಿನ ಎಳೆ ಕಾಣುತ್ತದೆ. 1957ರಲ್ಲಿ ಓಲಿನ್ ವಿಲ್ಸನ್ ಮತ್ತು ನಮ್ಮ ವೇಣು ಬಾಪು ಆ ಎಳೆಯ ಅಗಲಕ್ಕೂ ನಕ್ಷತ್ರದ ನಿಜವಾದ ಹೊಳಪಿಗೂ ನೇರ ಸಂಬಂಧ ಇದೆ ಅಂತ ತೋರಿಸಿದರು. ದೈತ್ಯ ಆದಷ್ಟೂ ಎಳೆ ಅಗಲ. ಎಳೆ ಅಳೆದರೆ ನಿಜ ಹೊಳಪು ಸಿಕ್ಕಿತು, ನಿಜ ಹೊಳಪು ಸಿಕ್ಕಿದರೆ ದೂರ ಸಿಕ್ಕಿತು. ಅದೇ ಬಾಪು 1971ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದವರು.

ಅದೇ ಸಂಸ್ಥೆಯವರು ಇದ್ದ ತಂಡ 2020ರಲ್ಲಿ ಇನ್ನೊಂದು ದೊಡ್ಡ ವಿಷಯ ಹೇಳಿತು. ಕೆಂಪು ದೈತ್ಯ ಆಗುವಾಗ ಲಿಥಿಯಂ ನಾಶ ಆಗಬೇಕು, ಆಗುತ್ತದೆ ಕೂಡ. ಆದರೆ ಸೂರ್ಯನಷ್ಟು ದ್ರವ್ಯರಾಶಿಯ ದೈತ್ಯಗಳ ನಡುವಿನಲ್ಲಿ ಹೀಲಿಯಂ ಉರಿಯಲು ಶುರುವಾದ ಮೇಲೆ ನೋಡಿದರೆ ಲಿಥಿಯಂ ಸರಾಸರಿ 40 ಪಟ್ಟು ಏರಿರುತ್ತದೆ. ಹಿಂದೆಲ್ಲ ಲಿಥಿಯಂ ಜಾಸ್ತಿ ಕಂಡರೆ ಗ್ರಹ ನುಂಗಿರಬೇಕು, ಜೊತೆ ನಕ್ಷತ್ರ ಏನೋ ಮಾಡಿರಬೇಕು ಅನ್ನುತ್ತಿದ್ದರು. ಎಲ್ಲದರಲ್ಲೂ ಹೀಗೇ ಆಗುತ್ತದೆ ಅಂದರೆ ಅದು ನಕ್ಷತ್ರ ತಾನಾಗಿಯೇ ಮಾಡುವ ಕೆಲಸ ಅಂತಾಯಿತು. ಮುಂದೆ ನಮ್ಮ ಸೂರ್ಯನೂ ಲಿಥಿಯಂ ತಯಾರಿಸುತ್ತಾನೆ!

ರಾತ್ರಿಪಾಳಿ:
ಹೀಲಿಯಂ ಉರಿಯಲು ಶುರು ಅಂದಿರಿ. ಸ್ವಾತಿಯಲ್ಲಿ ಶುರು ಆಗಿದೆಯಾ? ಹೊರಗಿನಿಂದ ಹೇಗೆ ಗೊತ್ತಾಗುತ್ತದೆ?

ನಿವೃತ್ತ ಮೇಷ್ಟ್ರು:
ಹೆಚ್ಚಿನವರ ಅಭಿಪ್ರಾಯ ಇನ್ನೂ ಇಲ್ಲ ಅಂತ. ಅದು ಇನ್ನೂ ಉಬ್ಬುತ್ತಾ ಮೇಲೇರುತ್ತಿರುವ ಹಂತದಲ್ಲಿದೆ. ನಡುವಿನ ದ್ರವ್ಯರಾಶಿ ಸೂರ್ಯನ 0.47 ಭಾಗದ ಹತ್ತಿರ ಬಂದು ಉಷ್ಣತೆ 10 ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಕೆಲವೇ ಕ್ಷಣ ಒಂದು ಗ್ಯಾಲಕ್ಸಿಯಷ್ಟು ಶಕ್ತಿ ಹುಟ್ಟುತ್ತದೆ. ಹೊರಗೆ ಏನೂ ಕಾಣುವುದಿಲ್ಲ! ಆ ಶಕ್ತಿ ಎಲ್ಲ ಬಿಗಿಯಾಗಿದ್ದ ನಡುವನ್ನು ಸಡಿಲ ಮಾಡುವುದಕ್ಕೇ ಖರ್ಚಾಗುತ್ತದೆ. ಆಮೇಲೆ ನಕ್ಷತ್ರ ಕುಗ್ಗಿ ಸುಮಾರು 10 ಕೋಟಿ ವರ್ಷ ಶಾಂತವಾಗಿ ಹೀಲಿಯಂ ಉರಿಸುತ್ತದೆ. ಮತ್ತೆ ಉಬ್ಬಿ, ಹೊರಪದರ ಕಳಚಿ, ಉಳಿದ ದಟ್ಟ ನಡು ಬಿಳಿ ಕುಬ್ಜ ಆಗುತ್ತದೆ.

ಒಳಗೆ ಯಾವುದು ಉರಿಯುತ್ತಿದೆ ಅಂತ ಕಂಡುಹಿಡಿಯುವ ದಾರಿ ಕಂಪನ. ನಕ್ಷತ್ರಗಳು ಸಣ್ಣಗೆ ನಡುಗುತ್ತಿರುತ್ತವೆ. ಸೂರ್ಯನ ನಡುಕ ಐದು ನಿಮಿಷಕ್ಕೊಂದು, ಸ್ವಾತಿಯದ್ದು ಹೆಚ್ಚು ಕಡಿಮೆ ಮೂರು ದಿನಕ್ಕೊಂದು. ದೊಡ್ಡದು, ಸಡಿಲ, ಹಾಗಾಗಿ ನಿಧಾನ. 2011ರಲ್ಲಿ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಿಂದ ಟಿಮ್ ಬೆಡ್ಡಿಂಗ್ ತಂಡ ಒಂದು ಗುರುತು ಕಂಡುಹಿಡಿಯಿತು. ನಡುವನ್ನು ಮುಟ್ಟಿ ಬರುವ ಕಂಪನಗಳ ಅವಧಿಗಳ ನಡುವಿನ ಅಂತರ 50 ಸೆಕೆಂಡ್ ಆಸುಪಾಸು ಇದ್ದರೆ ಇನ್ನೂ ಹೈಡ್ರೋಜನ್ ಪದರವೇ ಉರಿಯುತ್ತಿದೆ, 100ರಿಂದ 300 ಇದ್ದರೆ ಹೀಲಿಯಂ ಶುರುವಾಗಿದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ದೈತ್ಯಗಳನ್ನು ಹೀಗೆ ಬೇರೆ ಮಾಡಬಹುದು.

ಕೊಪ್ಪದ ಅಡಿಕೆ:
ಸೂರ್ಯ ಹೀಗೆ ಉಬ್ಬಿದಾಗ ಭೂಮಿ?

ನಿವೃತ್ತ ಮೇಷ್ಟ್ರು:
ಸ್ವಾತಿಯ ಈಗಿನ ಗಾತ್ರಕ್ಕೆ ಬಂದಾಗ ಭೂಮಿ ಗೋಳವಾಗಿ ಉಳಿದಿರುತ್ತದೆ, ಜೀವ ಇರುವುದಿಲ್ಲ. 200 ಪಟ್ಟು ಶಾಖ. ಸಮುದ್ರಗಳು ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತವೆ. ಪೂರ್ತಿ ಉಬ್ಬುವುದು ಇನ್ನು ಸುಮಾರು 760 ಕೋಟಿ ವರ್ಷಕ್ಕೆ. ಆಗ ಈಗಿನ 250 ಪಟ್ಟು ಆಗುತ್ತದೆ ಅಂತ 2008ರ ಒಂದು ಲೆಕ್ಕ, ಆ ಲೆಕ್ಕದಲ್ಲಿ ಭೂಮಿಯೂ ಒಳಗೆ ಹೋಗುತ್ತದೆ. ಸೂರ್ಯನ ದ್ರವ್ಯರಾಶಿ ಕಡಿಮೆಯಾಗುತ್ತಾ ಭೂಮಿಯ ಕಕ್ಷೆ ದೂರ ಸರಿಯುತ್ತದೆ, ಆದರೂ ತಪ್ಪಿಸಿಕೊಳ್ಳುವುದಿಲ್ಲ.

ಇಲಿನಾಯ್ ಕನ್ನಡತಿ:
ಟೀಚರ್, ಅದೇ ಸಂಜೆ ಜೋಡಿಯನ್ನೂ ತೋರಿಸಿಬಿಡಿ. ಸ್ವಾತಿಯ ಪೂರ್ವಕ್ಕೆ ಪಕ್ಕದಲ್ಲೇ ಅರ್ಧ ಬಳೆಯ ಆಕಾರದ ಉತ್ತರ ಕಿರೀಟ ಪುಂಜ ಇದೆ. ಅದರಲ್ಲಿ ಟಿ ಕರೋನೆ ಬೋರಿಯಾಲಿಸ್ ಅಂತ ಒಂದು ಜೋಡಿ. ಕೆಂಪು ದೈತ್ಯ ಒಂದು, ಬಿಳಿ ಕುಬ್ಜ ಒಂದು, 228 ದಿನಕ್ಕೊಮ್ಮೆ ಸುತ್ತು. ದೈತ್ಯದ ಅನಿಲ ಕುಬ್ಜದ ಮೇಲೆ ಬಿದ್ದು ಬಿದ್ದು ಶೇಖರವಾಗಿ ಒಂದು ದಿನ ಸಿಡಿಯುತ್ತದೆ. 1866ರಲ್ಲಿ, 1946ರಲ್ಲಿ ಹಾಗೆ ಆಗಿ ಬರಿಗಣ್ಣಿಗೆ ಕಂಡಿತ್ತು. ಮುಂದಿನದಕ್ಕೆ ಜಗತ್ತಿನ ತುಂಬಾ ಖಗೋಳ ಆಸಕ್ತರು ಕಾಯುತ್ತಿದ್ದಾರೆ. ಉಳಿದ ದಿನ ಅದು ದುರ್ಬೀನಿಗೆ ಮಾತ್ರ. ಆದರೂ ಜಾಗ ತೋರಿಸಬಹುದಲ್ಲ. ಒಂದು ಕಡೆ ಒಂಟಿ ದೈತ್ಯ, ಪಕ್ಕದಲ್ಲಿ ಜೋಡಿ ದೈತ್ಯ.

ಸಾಗರದ ಟೀಚರ್:
ಇದು ನನಗೆ ಹೊಳೆದಿರಲಿಲ್ಲ, ತುಂಬಾ ಚೆನ್ನಾಗಿದೆ. ಒಂದೇ ಕಡೆ ಮುಖ ಮಾಡಿ ನಿಂತು ಎರಡೂ ಕಥೆ ಹೇಳಬಹುದು. ಹಾಗಾದರೆ ಸಂಜೆ ಹೀಗೆ ಮಾಡುತ್ತೇನೆ. ಮೊದಲು ಸಪ್ತರ್ಷಿ ಮಂಡಲ ಗುರುತಿಸುವುದು. ಅದರ ಬಾಲದ ಮೂರು ನಕ್ಷತ್ರಗಳ ಬಾಗನ್ನೇ ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದುವರಿಸಿದರೆ ಚಿತ್ತಾ. ಬಣ್ಣ ಹೋಲಿಸುವುದು. ಮೇಷ್ಟ್ರು ಕೊಟ್ಟ 200ರ ಲೆಕ್ಕ, ಮುಷ್ಟಿಯ ಅಳತೆ. ಆಮೇಲೆ ಇಂಗಾಲದ 7. ಅದು ಕಷ್ಟ ಅಂತ ಬಿಡುವುದಿಲ್ಲ, ನಮ್ಮ ಮಕ್ಕಳಿಗೆ ಅರ್ಥ ಆಗುತ್ತದೆ. ಕೊನೆಗೆ ಉತ್ತರ ಕಿರೀಟ.

ರಾತ್ರಿಪಾಳಿ:
ನನ್ನದು ಸಂಜೆ 9ರಿಂದ ಬೆಳಗಿನ ತನಕ ಕೆಲಸ. ಮೇನಲ್ಲಿ ನೋಡಲು ಆಗುವುದಿಲ್ಲ. ಬೆಳಗಿನ ಜಾವ ಮನೆಗೆ ಬರುವಾಗ ಯಾವ ತಿಂಗಳು ಸಿಗುತ್ತದೆ?

ಸಾಗರದ ಟೀಚರ್:
ಡಿಸೆಂಬರ್ ನಡುವಿನಲ್ಲಿ ಬೆಳಗಿನ 5 ಗಂಟೆಗೆ ಪೂರ್ವಕ್ಕೆ ನೋಡಿ. ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿ, ಸ್ವಲ್ಪ ಎಡಕ್ಕೆ. ಅದರ ಬಲಗಡೆ ಇನ್ನಷ್ಟು ದೂರದಲ್ಲಿ ಬಿಳಿಯಾಗಿ ಚಿತ್ತಾ ಇರುತ್ತದೆ. ಜನವರಿಯಲ್ಲಿ ಅದೇ ಹೊತ್ತಿಗೆ ಇನ್ನೂ ಮೇಲೆ ಬಂದಿರುತ್ತದೆ, ಆಗ ಮನೆಗಳ ಸಾಲು ಅಡ್ಡ ಬರುವುದಿಲ್ಲ.